ಮೋಟರ್ ಡಾಕ್ಟರನ ಕೈಗುಣ

ನಮ್ಮ ಬೀದಿಯ ಮೋಟರ್ ಡಾಕ್ಟರನಿಗೆ ಕೈಗುಣ ಇದೆ ಎಂದು ಹನ್ನೊಂದು ವರ್ಷ ಊರಿಗೆಲ್ಲ ಸಾರಿದವಳು ನಾನೇ. ನನ್ನದು ತಾಮ್ರದ ತಂತಿಯ ಅಂಗಡಿ, ಅಪ್ಪನಿಂದ ಬಂದದ್ದು. ಸುಟ್ಟ ಮೋಟರಿನೊಳಗೆ ಹೊಸದಾಗಿ ಸುತ್ತುವ ತಂತಿಯನ್ನು ತೂಕಕ್ಕೆ ಮಾರುತ್ತೇನೆ, ಕಿತ್ತು ತೆಗೆದ ಹಳೆಯ ತಾಮ್ರವನ್ನು ತೂಕಕ್ಕೇ ಕೊಳ್ಳುತ್ತೇನೆ. ಹಾಗಾಗಿ ಯಾವ ಮೆಕ್ಯಾನಿಕ್ ಎಷ್ಟು ದಡ್ಡ ಎಂಬುದು ಅವನ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಎಲ್ಲರೂ ನನ್ನನ್ನು ತಾಮ್ರದಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಬೇರೇನೋ ಎನ್ನುತ್ತಾರೆ, ಅದೂ ಗೊತ್ತು.

ಡಾಕ್ಟರನ ಅಂಗಡಿ ನನ್ನದರಿಂದ ನಾಲ್ಕನೆಯದು. ಮುಂದುಗಡೆ ಗಾಜಿನ ಮೇಜು, ತಿರುಗುವ ಕುರ್ಚಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ಗಿರಾಕಿ ಮೋಟರ್ ತಂದಿಟ್ಟರೆ ಅದಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಬದುಕುತ್ತೆ, ನಾಳಿದ್ದು ಬನ್ನಿ" ಎನ್ನುತ್ತಿದ್ದ. ಸುಟ್ಟು ಕರಕಲಾದ ಮೋಟರಿನಲ್ಲಿ ಕೇಳಿಸಿಕೊಳ್ಳುವುದಕ್ಕೆ ಏನಿರುತ್ತದೆ, ಮಣ್ಣು! ಆದರೂ ಜನ ಕೈಕಟ್ಟಿ ನಿಲ್ಲುತ್ತಿದ್ದರು. ಮೋಟರ್ ಪರದೆಯ ಹಿಂದಿನ ಕೋಣೆಗೆ ಹೋಗುತ್ತಿತ್ತು, ನಾಳಿದ್ದು ಹೊರಗೆ ಬಂದರೆ ಸದ್ದಿಲ್ಲದೆ ತಿರುಗುತ್ತಿತ್ತು. ಆ ಕೋಣೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ಹೆಂಡತಿ ಇದ್ದಳು. ಹೆಂಡತಿ ಒಳಗಿರುವುದರಲ್ಲಿ ಕೇಳುವಂಥದ್ದೇನಿದೆ?

ಹೋದ ವರ್ಷ ಅವಳು ಮನೆ ಬಿಟ್ಟಳು. ಬೆನ್ನ ಮೇಲೆ ಮೋಟರ್ ಬೆಲ್ಟಿನ ಬರೆ, ಎಡಗೈಯ ಎರಡು ಬೆರಳಿಗೆ ಪಟ್ಟಿ. ಊರಾಚೆ ಇಂಥ ಹೆಂಗಸರಿಗಾಗಿ ಒಂದು ಆಸರೆ ಕೇಂದ್ರ ಇದೆ, ಅಲ್ಲಿಗೆ ಹೋದಳು. ಅಲ್ಲಿ ಮೂರು ತಿಂಗಳು ಇರಬಹುದು. ಅಷ್ಟರೊಳಗೆ ಒಂದು ದುಡಿಮೆ, ಬಾಡಿಗೆಗೊಂದು ಕೋಣೆ ಆಗದಿದ್ದರೆ ಉಳಿದದ್ದು ಅಣ್ಣನ ಮನೆ. ಅಣ್ಣ ಮೊದಲೇ ಖಡಾಖಂಡಿತ ಹೇಳಿದ್ದ: ತನ್ನ ಮನೆಯಿಂದ ಮುಂದಕ್ಕಿರುವುದು ಗಂಡನ ಮನೆಯ ದಾರಿ ಒಂದೇ. ಹೆಂಡತಿಯ ಮಾತನ್ನು ತನ್ನ ಬಾಯಲ್ಲಿ ಹೇಳುವುದನ್ನೇ ಆ ಮನುಷ್ಯ ಗಂಡಸುತನ ಅಂದುಕೊಂಡಿದ್ದ.

ಕೇಂದ್ರದ ಮೇಡಂ ಒಳ್ಳೆಯವರು. ಒಳ್ಳೆಯತನ ಅವರ ಮೈಮೇಲೆ ಇಸ್ತ್ರಿ ಮಾಡಿದ ಸೀರೆಯಂತೆ ನಿಂತಿರುತ್ತದೆ, ಒಂದು ಮಡಿಕೆಯೂ ಕೆಡುವುದಿಲ್ಲ. ನೊಂದ ಹೆಂಗಸರಿಗೆ ಮೇಣದ ಬತ್ತಿ ಮಾಡುವುದನ್ನು ಕಲಿಸಿದರೆ ಅವರ ಬದುಕು ಬೆಳಗುತ್ತದೆ ಎಂದು ನಂಬಿದ್ದಾರೆ. ಕರೆಂಟು ಇರುವ ಊರಿನಲ್ಲಿ ಬತ್ತಿಯನ್ನು ಯಾರು ಕೊಳ್ಳುತ್ತಾರೆ? ಮೇಡಂ ಗೆಳತಿಯರು ಕೊಳ್ಳುತ್ತಾರೆ, ವರ್ಷಕ್ಕೊಮ್ಮೆ, ಫೋಟೋ ತೆಗೆಸಿಕೊಂಡು. ಅದರಲ್ಲಿ ಬಾಡಿಗೆ ಕಟ್ಟುವುದಿರಲಿ, ಬಾಡಿಗೆ ಮನೆಗೆ ಹೋಗುವ ಬಸ್ಸಿನ ಟಿಕೆಟ್ ಕೂಡ ಹುಟ್ಟುವುದಿಲ್ಲ.

ಒಂದು ದಿನ ಕೇಂದ್ರದ ನೀರಿನ ಪಂಪು ಸುಟ್ಟಿತು. ಒಳ್ಳೆಯ ಮೆಕ್ಯಾನಿಕ್ ಬೇಕೆಂದು ಮೇಡಂ ನನಗೆ ಹೇಳಿಕಳಿಸಿದರು. ಯಾವ ಗೇಜಿನ ತಂತಿ ಬೇಕಾದೀತು ನೋಡೋಣ ಎಂದು ನಾನೇ ಹೋದೆ. ಹೋಗಿ ನೋಡಿದರೆ ಜಗುಲಿಯ ಮೇಲೆ ಪಂಪಿನ ಮೋಟರ್ ಬಿಚ್ಚಿ ಹರಡಿದೆ, ಡಾಕ್ಟರನ ಹೆಂಡತಿ ಕರಕಲು ತಂತಿಯ ಎಳೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾಳೆ.

"ಇದನ್ನ ಯಾರು ಬಿಚ್ಚಿದ್ದು?"

"ನಾನೇ ಅಕ್ಕ. ತಪ್ಪಾಯ್ತಾ?"

"ಬೇಡ ಅಂದ್ರೂ ಕೇಳ್ಲಿಲ್ಲ ನೋಡಿ," ಎಂದರು ಮೇಡಂ. "ಕೆಲಸದ ಅನುಭವ ಏನೂ ಇಲ್ಲ ಅಂತ ಅರ್ಜೀಲಿ ಇವಳೇ ಬರೆಸಿದಾಳೆ."

ಹಾಳಾದರೆ ಹಾಳಾಗಲಿ, ಹೇಗೂ ಸುಟ್ಟದ್ದು ಎಂದು ನಾನು ಅಂಗಡಿಯಿಂದ ತಂತಿ ತರಿಸಿಕೊಟ್ಟೆ. ಎರಡು ಬೆರಳು ಮಡಚಲು ಬರದಿದ್ದರೂ ಸಂಜೆಯೊಳಗೆ ಸುತ್ತಿ ಕೂರಿಸಿದಳು. ಕೊನೆಗೆ ಸುತ್ತಿದ ತಂತಿಯ ಕಾಯಿಲುಗಳನ್ನು ದಾರದಿಂದ ಬಿಗಿಯುವಾಗ ಮೂರು ಸುತ್ತಿಗೊಂದು ಅಡ್ಡಗಂಟು ಹಾಕಿದಳು. ವರ್ಷಗಟ್ಟಲೆ ದುಡಿದು ಸತ್ತು ನನ್ನ ತಕ್ಕಡಿಗೆ ಬಂದ ಕಾಯಿಲುಗಳಲ್ಲಿ ಆ ಗಂಟನ್ನು ನೂರಾರು ಸಲ ಬಿಚ್ಚಿದ್ದೇನೆ. ಡಾಕ್ಟರನ ಗಂಟು ಎಂದೇ ಅದಕ್ಕೆ ಹೆಸರಿಟ್ಟಿದ್ದೆ.

"ಅವನ ಅಂಗಡಿ ಮೋಟರ್ ಎಲ್ಲ ಸುತ್ತುತ್ತಿದ್ದಿದ್ದು ನೀನೇನೇ?"

"ನಾನೇನಿಲ್ಲ ಅಕ್ಕ, ಅವರಿಗೆ ಕೈಸಹಾಯ ಮಾಡ್ತಿದ್ದೆ ಅಷ್ಟೆ. ಮಾವ ಇದ್ದಾಗ ಹೇಳಿಕೊಟ್ಟಿದ್ರು. ಮಗನ ಕೈಲಿ ಆಗಲ್ಲ ಅಂತ."

"ಮತ್ತೆ ಅವನೇನು ಮಾಡ್ತಿದ್ದ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಅವ್ರು ಗಿರಾಕಿ ಹತ್ರ ಮಾತಾಡ್ತಿದ್ರು."

ಮರುದಿನವೇ ಅವಳಿಗೆ ನನ್ನ ಅಂಗಡಿಯಲ್ಲಿ ಜಾಗ ಮಾಡಿಕೊಟ್ಟೆ. ಒಳಗೆ ಬೇಕಾದಷ್ಟು ಜಾಗವಿತ್ತು, ಬೇಕೆಂದೇ ಬೀದಿಗೆ ಕಾಣುವಂತೆ ಮುಂಭಾಗದಲ್ಲಿ ಕೂರಿಸಿದೆ. ಡಾಕ್ಟರ್ ಎದುರಿಗೇ ನಿಂತು ನಕ್ಕ. "ಅಕ್ಕಾವ್ರೇ, ಬೆಂಕಿ ನಂದಿಸೋಕೆ ಮರಳು ತಂದಿಟ್ಕೊಳ್ಳಿ. ಇವಳಿಗೆ ತಂತಿ ಹಿಡಿಯೋಕೂ ಬರಲ್ಲ." ಅದನ್ನೇ ಬೀದಿಯ ತುಂಬ ಹೇಳಿಕೊಂಡು ತಿರುಗಿದ. ಜನ ನಂಬಿದರು. ಹಿತ್ತಲ ಗಿಡ ಮದ್ದಲ್ಲ, ಮೋಟರ್ ಗಂಡಸರ ಕೆಲಸ, ಇನ್ನೇನು ಬೇಕು? ಒಂದೂವರೆ ತಿಂಗಳಲ್ಲಿ ಅವಳ ಕೈಗೆ ಬಂದದ್ದು ಎಂಟು ಫ್ಯಾನು, ಅದೂ ಡಾಕ್ಟರ್ ಆಗಲ್ಲ ಅಂದದ್ದು. ಅವಳು ಒಂದನ್ನೂ ಕೆಡಿಸಲಿಲ್ಲ. ಆದರೆ ಫ್ಯಾನಿನ ಕೂಲಿಯಲ್ಲಿ ಕೋಣೆ ಸಿಗುವುದಿಲ್ಲ.

ಇತ್ತ ಡಾಕ್ಟರ್ ತಾನೇ ಪರದೆಯ ಹಿಂದೆ ಹೋಗಿ ಸುತ್ತತೊಡಗಿದ್ದ. ನನ್ನಿಂದ ಕೊಂಡ ಹೊಸ ತಂತಿಯನ್ನು ತಿಂಗಳೊಳಗೆ ಸುಟ್ಟು ನನ್ನ ತಕ್ಕಡಿಗೇ ತಂದು ಹಾಕುತ್ತಿದ್ದ. ಕೇಳಿದರೆ ವೋಲ್ಟೇಜ್ ಸರಿಯಿಲ್ಲ, ತಂತಿ ಸರಿಯಿಲ್ಲ, ಕಾಲವೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಟ್ಟಿನ ಗಿರಣಿಯ ಸಾಹುಕಾರರ ದೊಡ್ಡ ಮೋಟರನ್ನಂತೂ ಮೂರು ಸಲ ಸುಟ್ಟ.

ಅವಳು ಕೇಂದ್ರ ಬಿಡುವುದಕ್ಕೆ ಒಂಬತ್ತು ದಿನ ಉಳಿದಿರುವಾಗ ಮೂವರೂ ಒಟ್ಟಾಗಿ ನನ್ನ ಅಂಗಡಿಗೆ ಬಂದರು: ಡಾಕ್ಟರ್, ಅವಳ ಅಣ್ಣ, ರಾಜಿ ಮಾಡಿಸುವ ಹಿರಿಯರಾಗಿ ಗಿರಣಿ ಸಾಹುಕಾರರು. ಡಾಕ್ಟರ್ ಗಡ್ಡ ಬಿಟ್ಟಿದ್ದ. ಬಂದವನೇ ಅಳತೊಡಗಿದ. ಗಂಡಸು ಬೀದಿಯಲ್ಲಿ ಅತ್ತರೆ ಜನಕ್ಕೆ ಎಷ್ಟು ಕನಿಕರ! ಹೆಂಗಸು ಒಳಗೆ ಅತ್ತದ್ದು ನಾಲ್ಕು ಅಂಗಡಿ ಆಚೆಗೂ ಕೇಳಿಸುವುದಿಲ್ಲ.

"ಮನೆಗೆ ಬಾರೇ," ಎಂದ. "ನೀನಿಲ್ದೆ ಮನೆ ಮನೆಯಾಗಿಲ್ಲ."

"ತಪ್ಪಾಯ್ತು ಅಂತಿದಾನಲ್ಲಮ್ಮ," ಎಂದರು ಸಾಹುಕಾರರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

ನನ್ನ ಮೈ ಉರಿದುಹೋಯಿತು. "ಮಲಗೋ ತನಕ ಸರಿ, ಸಾಹುಕಾರ್ರೇ. ಬೆಲ್ಟಿನಲ್ಲಿ ಹೊಡೆಸಿಕೊಂಡೋಳು ಯಾವ ಮಗ್ಗುಲಿಗೆ ಮಲಗ್ತಾಳೆ ಅಂತ ಕೇಳಿದೀರಾ?"

ಅಣ್ಣ ತಂಗಿಯ ಮುಖವನ್ನೇ ನೋಡಲಿಲ್ಲ. "ಸಾಕಮ್ಮ, ಊರ ಮುಂದೆ ಮಾನ ಹೋಗ್ತಿದೆ. ಒಂಬತ್ತು ದಿನ ಆದ್ಮೇಲೆ ಎಲ್ಲಿಗೆ ಹೋಗ್ತೀಯ? ಸುಮ್ನೆ ಎದ್ದು ಬಾ," ಎಂದ.

ಅವಳು ಎದ್ದೇ ನಿಂತಳು. ಹೊರಟೇಬಿಟ್ಟಳು ಎಂದುಕೊಂಡೆ. ಆದರೆ ಅವಳು ಗಂಡನನ್ನು ಒಂದು ಮಾತು ಕೇಳಿದಳು. ಸವಾಲು ಹಾಕುವಂತೆ ಕೇಳಲಿಲ್ಲ, ಮೋಟರಿನ ಮೇಲಿನ ಮರುಕದಿಂದ ಕೇಳಿದಳು.

"ರೀ, ಗಿರಣಿ ಮೋಟರ್‌ಗೆ ಒಂದು ಕಾಯಿಲಿಗೆ ಎಷ್ಟು ಸುತ್ತು ಹಾಕಿದ್ರಿ?"

"ಎಷ್ಟು ಬೇಕೋ ಅಷ್ಟು ಹಾಕಿದೆ."

"ಎಷ್ಟು ಬೇಕು?"

ಡಾಕ್ಟರ್ ತಾರಸಿ ನೋಡಿದ, ತಕ್ಕಡಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಸಿಟ್ಟಿನಲ್ಲಿ ಬಾಯಿ ಜಾರಿತು. "ನಂಗೇನೇ ಗೊತ್ತು? ಅದನ್ನೆಲ್ಲ ನೀನೇ ಅಲ್ವಾ ನೋಡ್ಕೋತಿದ್ದಿದ್ದು!"

"ನಲವತ್ತೆರಡು," ಎಂದಳು ಅವಳು.

ಸಾಹುಕಾರರು ಡಾಕ್ಟರನ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದರು. ಅವರ ಮುಖದ ಮೇಲಿದ್ದ ಹಿರಿತನ ಕರಗಿ ವ್ಯಾಪಾರ ಮೇಲೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. "ತಾಯಿ," ಎಂದರು, "ಮೋಟರ್ ನಿನ್ನ ಹತ್ರಾನೇ ಕಳಿಸ್ಲಾ?"

ಸಂಸಾರ ಉಳಿಸಲು ಬಂದ ಮನುಷ್ಯ! ಬೆಲ್ಟಿನ ಬರೆ ಕಾಣದ ಕಣ್ಣಿಗೆ ನಿಂತ ಗಿರಣಿ ಕಂಡಿತು. ನ್ಯಾಯ ಬಂದದ್ದಲ್ಲ ಅದು, ಹಿಟ್ಟು ಬೀಸುವ ಅವಸರ. ಆದರೂ ಬಂದದ್ದನ್ನು ಅವಳು ಬಿಡಲಿಲ್ಲ.

"ಕಳಿಸಿ. ಅರ್ಧ ಕೂಲಿ ಮುಂಗಡ ಕೊಡ್ಬೇಕು," ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಹಣೆ ಬೆವರಿತ್ತು.

ಅಣ್ಣ ಯಾವಾಗ ಜಾರಿಕೊಂಡನೋ ತಿಳಿಯಲಿಲ್ಲ. ಡಾಕ್ಟರ್ ಅಳುವುದನ್ನು ನಿಲ್ಲಿಸಿದ್ದ; ಕೇಳುವವರೇ ಇಲ್ಲದ ಮೇಲೆ ಅಳುವುದು ಯಾಕೆ? ಗಿರಣಿ ಮೋಟರ್ ಐದು ದಿನದಲ್ಲಿ ತಿರುಗಿತು. ಅದರ ಹಿಂದೆಯೇ ಮರದ ಕಾರ್ಖಾನೆಯದು ಬಂತು, ಛಾಪಖಾನೆಯದು ಬಂತು. ಅವಳಿಗೆ ತಂತಿ ಹಿಡಿಯೋಕೂ ಬರಲ್ಲ ಎಂದು ನಕ್ಕವರೇ, "ನಮಗೆ ಆವತ್ತೇ ಅನುಮಾನ ಇತ್ತು" ಎಂದರು. ಥೂ, ಇವರ ಮುಖಕ್ಕೆ! ಕೇಂದ್ರ ಬಿಡಬೇಕಾದ ದಿನಕ್ಕಿಂತ ಎರಡು ದಿನ ಮೊದಲೇ ಅವಳು ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದಳು. ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆ ಚಿಲಕವನ್ನು ನನಗೆ ಎರಡು ಸಲ ಹಾಕಿ ತೋರಿಸಿದಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಗಿರಾಕಿಗಳು ನಿಲ್ಲುವ ಕಡೆಗೆ ಬಂದು ನಿಂತಳು. ಕೈಯಲ್ಲಿ ಅವಳದೇ ದುಡ್ಡು.

"ಮೂರು ಕೆಜಿ ಕೊಡಿ ಅಕ್ಕ. ಇವತ್ತು ಉದ್ರಿ ಬೇಡ."

ನನಗೆ ಹೆಮ್ಮೆ ಉಕ್ಕಿತು. ಅವಳ ಬಗ್ಗೆಗಿಂತ ನನ್ನ ಬಗ್ಗೆಯೇ ಹೆಚ್ಚು ಎಂದು ಈಗ ಅನ್ನಿಸುತ್ತದೆ. ತಂತಿ ತಕ್ಕಡಿಗಿಡುತ್ತ ದೊಡ್ಡವಳಂತೆ ಗದರಿದೆ. "ಕೈಲಿ ಇಂಥ ವಿದ್ಯೆ ಇಟ್ಕೊಂಡು ಇಷ್ಟು ವರ್ಷ ಯಾಕೆ ಒದೆ ತಿಂದೆ? ನಾಲ್ಕು ಅಂಗಡಿ ದಾಟಿ ಬಂದು ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಬಂದಿದ್ದೆ ಅಕ್ಕ."

ಅವಳ ದನಿಯಲ್ಲಿ ದೂರು ಇರಲಿಲ್ಲ.

"ಐದು ವರ್ಷ ಆಯ್ತು. ಬಟ್ಟೆ ಚೀಲ ತಗೊಂಡು ಮನೆ ಬಿಟ್ಟೇ ಬಂದಿದ್ದೆ. ಎರಡು ಕೆಜಿ ತಂತಿ ಉದ್ರಿ ಕೊಟ್ರೆ ಬೇರೆ ಎಲ್ಲಾದ್ರೂ ಹೋಗಿ ಸುತ್ತಿ ಬದುಕೋಣ ಅಂತ. ನೀವು ಏನೋ ಲೆಕ್ಕ ಬರೀತಿದ್ರಿ, ತಲೆ ಎತ್ತಲಿಲ್ಲ. 'ನಿಂಗಿದೆಲ್ಲ ಗೊತ್ತಾಗಲ್ಲ, ಹೋಗಿ ಯಜಮಾನ್ರನ್ನ ಕಳಿಸಮ್ಮ' ಅಂದ್ರಿ." ಅವಳು ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದಳು. "ಹೋಗಿ ಕಳಿಸಿದೆ."

ನನಗೆ ಅದು ನೆನಪೇ ಇಲ್ಲ. ಎಷ್ಟು ಹುಡುಕಿದರೂ ಆ ದಿನ ಸಿಗುವುದಿಲ್ಲ. ಅವನು ಬಂದಿರಬೇಕು, ತಂತಿ ಒಯ್ದಿರಬೇಕು. ಬಂದಾಗಲೆಲ್ಲ ಕುರ್ಚಿ ಒರೆಸಿ ಕೂರಿಸಿ ಚಹಾ ತರಿಸುತ್ತಿದ್ದೆ, ಅವತ್ತೂ ತರಿಸಿರಬೇಕು.