ಭಾನುವಾರ ಚೆಲ್ಲುವ ನೀರು

ತಿರುವನಂತಪುರದ ಹಾಸ್ಟೆಲಿನಲ್ಲಿ ನನ್ನ ಮೊದಲ ಭಾನುವಾರ. ಬಚ್ಚಲಿಗೆ ಹೋದರೆ ರೂಮ್‌ಮೇಟ್ ಅಶ್ವತಿ ನನ್ನ ಎರಡು ಬಕೆಟ್ ನೀರನ್ನು ಮೋರಿಗೆ ಸುರಿಯುತ್ತಿದ್ದಳು. ಹಿಂದಿನ ಸಂಜೆ ನಾನೇ ತುಂಬಿ, ತಟ್ಟೆ ಮುಚ್ಚಿಟ್ಟಿದ್ದ ನೀರು.

“ಇನ್ನ್ ಡ್ರೈ ಡೇ ಅಲ್ಲೇ, ಚೇಚೀ?” ಎಂದಳು. ಇವತ್ತು ಡ್ರೈ ಡೇ ಅಲ್ವಾ, ಅಕ್ಕ?

ಇಲ್ಲಿ ಸೊಳ್ಳೆ ಹುಟ್ಟಬಾರದೆಂದು ವಾರಕ್ಕೊಮ್ಮೆ ಮನೆಯಲ್ಲಿ ನಿಂತ ನೀರನ್ನೆಲ್ಲ ಚೆಲ್ಲುತ್ತಾರೆ. ಹೂಕುಂಡದ ತಟ್ಟೆಯಿಂದ ಬಕೆಟ್‌ವರೆಗೆ ಯಾವುದಕ್ಕೂ ವಿನಾಯಿತಿಯಿಲ್ಲ. ನಾನು ಹುಬ್ಬಳ್ಳಿಯವಳು. ನಮ್ಮ ಓಣಿಯಲ್ಲಿ ನಳ ಬರುವುದು ವಾರಕ್ಕೊಮ್ಮೆ; ಬಂದಾಗ ಕೊಡ, ಪಾತೇಲಿ, ಬ್ಯಾರಲ್, ಕಡೆಗೆ ಚಹಾದ ಕೆಟಲ್ ಕೂಡ ತುಂಬುತ್ತೇವೆ. ನೀರು ಚೆಲ್ಲಿದ ಮಕ್ಕಳಿಗೆ ಏಟು ಬೀಳುತ್ತದೆ. ಖಾಲಿ ಬಕೆಟ್‌ಗಳನ್ನು ಎತ್ತಿಕೊಂಡು ಹೊರಬಂದೆ. ಸಿಟ್ಟು ಬಂದಾಗ ನನ್ನ ಬಾಯಿ ಮುಚ್ಚಿಹೋಗುತ್ತದೆ.

ಓದಲು ಬಂದಿದ್ದು ಜಲಸಂಪನ್ಮೂಲ ಎಂಜಿನಿಯರಿಂಗ್. ಕೆಂಪು ಕುಚ್ಚಲಕ್ಕಿ ಅನ್ನ, ಜೀರಿಗೆ ಹಾಕಿ ಕುದಿಸಿದ ಬಿಸಿ ನೀರು, ಕನ್ನಡದ ಒಂದು ಮಾತೂ ಇಲ್ಲದ ದಿನಗಳು, ಎಲ್ಲಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳದೆ ಉಳಿದದ್ದು ನನ್ನ ಪ್ರಬಂಧದ ಮೂರನೆಯ ಅಧ್ಯಾಯ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಪೈಪ್‌ಲೈನಿನ ಕೊನೆಯ ಒಂದು ಓಣಿಯ ನೀರು ಪೂರೈಕೆಯ ಲೆಕ್ಕ ಅದು. ಲೆಕ್ಕದಲ್ಲಿ ನಾನು ಪ್ರತಿ ಮನೆಗೂ ಬ್ಯಾರಲ್ ಸೇರಿಸಿದ್ದೆ. ನೀರು ಬಂದ ಕ್ಷಣ ಎಲ್ಲರೂ ಒಟ್ಟಿಗೆ ತುಂಬಿಕೊಳ್ಳುತ್ತಾರೆ, ಒತ್ತಡ ಕುಸಿಯುತ್ತದೆ, ಕೊನೆಯ ಮನೆಯ ನಳದಲ್ಲಿ ಬರೀ ಗಾಳಿ. ಇದು ನನಗೆ ಪಾಠದಿಂದ ತಿಳಿದದ್ದಲ್ಲ.

ಗೈಡ್ ನಕ್ಕರು. “ಇದು ನಿನ್ನ ಹುಬ್ಬಳ್ಳಿಯಲ್ಲ, ಮೋಳೇ. ಇಲ್ಲಿ ಯಾರು ನೀರು ಕೂಡಿಡುತ್ತಾರೆ? ಬ್ಯಾರಲ್ ತೆಗೆದು ತಾ, ಸಹಿ ಹಾಕುತ್ತೇನೆ.”

ಮೋಳೇ ಎಂದರೆ ಮಗಳೇ. ಬ್ಯಾರಲ್ ತೆಗೆಯುವ ಬದಲು ಎಣಿಸಿ ಬರಲು ನಾನೇ ಹೊರಟೆ.

ಎರ್ನಾಕುಳಕ್ಕೆ ರೈಲು, ಅಲ್ಲಿಂದ ಬೋಟು. ಮಟ್ಟಾಂಚೇರಿಯ ಆ ಓಣಿಗೆ ಶುಂಠಿಯ ಗೋದಾಮು ದಾಟಿ ಹೋಗಬೇಕು. ಹಿಂದೆಯೇ ಹಿನ್ನೀರು, ಆದರೆ ಉಪ್ಪು. ಕೊನೆಯ ಮನೆ ನಬೀಸಾ ಇತ್ತಾ ಅವರದು (ಇತ್ತಾ ಎಂದರೆ ಅಕ್ಕ). ಬಾಗಿಲ ಪಕ್ಕ ಮೂರು ನೀಲಿ ಬ್ಯಾರಲ್. ನೋಡಿದೊಡನೆ ನನ್ನ ಮನೆಗೆ ಬಂದಂತಾಯಿತು. ಮುಚ್ಚಳಕ್ಕೆ ಕೈ ಹಾಕಿದೆ.

“ಚೆಲ್ಲೋಕೆ ಬಂದ್ಯಾ?” ಎಂದು ಇತ್ತಾ ಮಲಯಾಳಂನಲ್ಲಿ ಗದರಿದರು. ನನ್ನನ್ನು ಆರೋಗ್ಯ ಇಲಾಖೆಯವಳೆಂದುಕೊಂಡಿದ್ದರು. “ವೆಳ್ಳಂ ತರಿಲ್ಲ, ವೆಚ್ಚಾಲ್ ಕಳಯಾನ್ ಪರಯುಂ!” ನೀರು ಕೊಡಲ್ಲ, ಇಟ್ಟುಕೊಂಡರೆ ಚೆಲ್ಲು ಅಂತಾರೆ.

“ನಾನು ವಿದ್ಯಾರ್ಥಿ, ಇತ್ತಾ. ಎಣಿಸೋಕೆ ಬಂದೆ.”

“ಎಣಿಸಿದರೆ ನೀರು ಬರುತ್ತಾ?” ಎಂದರು. ಆಮೇಲೆ ನಗುತ್ತಾ ಕಟ್ಟನ್ ಚಾಯಾ ಕೊಟ್ಟರು. ಹಾಲಿಲ್ಲದ ಚಹಾ. ಅದಕ್ಕೂ ಅದೇ ಬ್ಯಾರಲ್ಲಿನ ನೀರು.

ಓಣಿಯ ಪ್ರತಿ ಮನೆಯ ಬ್ಯಾರಲ್ಲಿನ ಚಿತ್ರ ತೆಗೆದು ಗೈಡ್ ಮುಂದಿಟ್ಟೆ. ಅವರು ಬೇಗ ಬೇಗ ಮಗುಚಿದರು. “ಡ್ರೈ ಡೇ ಇರುವ ರಾಜ್ಯದಲ್ಲಿ ಇವು ಇರಲೇಬಾರದು. ಪ್ರಬಂಧದಲ್ಲಿ ಹೇಗೆ ತೋರಿಸುತ್ತೀಯ?”

“ನಳದಲ್ಲಿ ದಿನಾ ನೀರು ಬಂದ ಮೇಲೆ ತೆಗೆಯುತ್ತೇನೆ, ಸರ್.” ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ಸಹಿ ಹಾಕಲಿಲ್ಲ.

ರಜೆಗೆ ಹುಬ್ಬಳ್ಳಿಗೆ ಬಂದೆ. ಭಾನುವಾರ ಬೆಳಿಗ್ಗೆ ಕಾಲುಗಳು ತಾವಾಗಿಯೇ ಬ್ಯಾರಲ್ ಕಡೆ ನಡೆದವು. ಮುಚ್ಚಳ ತೆಗೆದು ಮೊಬೈಲ್ ಬೆಳಕು ಬಿಟ್ಟೆ. ಸೊಳ್ಳೆಯ ಸಣ್ಣ ಹುಳುಗಳು ಮೈ ಕುಣಿಸುತ್ತಿದ್ದವು. ಇಷ್ಟು ವರ್ಷ ನಾನು ಒಮ್ಮೆಯೂ ನೋಡಿರಲಿಲ್ಲ. ಬ್ಯಾರಲ್ ಬಗ್ಗಿಸಲು ಅಂಚು ಹಿಡಿದೆ.

“ಏ ಹುಚ್ಚಿ, ಚೆಲ್ಲೀಗಿಲ್ಲೀ! ನಳಾ ಬರೋದು ಬೇಸ್ತವಾರ!” ಅವ್ವ ಓಡಿಬಂದಳು. “ಕೇರಳದಾಕಿ ಆಗಿಬಿಟ್ಟೆಲ್ಲ ನೀನು.”

“ಹುಳಾ ಆಗ್ಯಾವವ್ವ.”

“ಆಗತಾವ. ಅರಿವಿ ಕಟ್ಟಿ ಸೋಸು. ಮತ್ತ ಆ ನಿಮ್ಮ ಸರ್‌ಗೆ ಬೇಕಾದಂಗ ಬರದು ಕೊಟ್ಟು ಬಾರವ್ವಾ. ಮಂದಿ ಬ್ಯಾರಲ್ ಕಟಗೊಂಡು ನಿನಗೇನ ಆಗಬೇಕು?”

ಅಷ್ಟರಲ್ಲಿ ಅಶ್ವತಿಯ ಮೆಸೇಜು: “ಚೇಚಿಯ ಬಕೆಟ್ ಚೆಲ್ಲಲಾ?”

“ಚೆಲ್ಲು” ಎಂದು ಬರೆದೆ. ಅವ್ವನ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ, ಬ್ಯಾರಲ್ ಉಜ್ಜಿ, ಮತ್ತೆ ತುಂಬಿ ಬಾಯಿಗೆ ಬಟ್ಟೆ ಬಿಗಿದೆ. ಸಿಟ್ಟಿನಲ್ಲಿ ಗಂಟು ಎಷ್ಟು ಬಿಗಿಯಾಯಿತೆಂದರೆ ಅವ್ವನಿಗೆ ಬಿಚ್ಚಲು ಬರಲಿಲ್ಲ.

ಸಂಜೆ ಮೂರನೆಯ ಅಧ್ಯಾಯವನ್ನು ಗೈಡ್‌ಗೆ ಮತ್ತೆ ಕಳಿಸಿದೆ. ಬ್ಯಾರಲ್‌ಗಳು ಅಲ್ಲೇ ಇವೆ.