ತಲೆ ಎತ್ತಬಾರದು

ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದನ್ನು ಯಾರೂ ಎಸೆಯುವುದಿಲ್ಲ, ಯಾರೂ ಅಡ್ಡ ಬಂದು ತಡೆಯುವುದಿಲ್ಲ. ಕೈಯಲ್ಲಿ ಕೋಲಿದೆ, ಬೀಸಿ ಹೊಡೆಯಬೇಕು, ಅಷ್ಟೇ. ಇಷ್ಟು ಸುಲಭದ ಕೆಲಸ ನನಗೇಕೆ ಬರುತ್ತಿಲ್ಲ ಎಂಬುದು ನಿವೃತ್ತಿಯ ಮೊದಲ ವರ್ಷವಿಡೀ ನನಗೆ ತಿಳಿಯಲಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಕುಷ್ಟಗಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು ನಾನು. ಓಡುವವರ, ಜಿಗಿಯುವವರ, ಎಸೆಯುವವರ ತಪ್ಪು ಹುಡುಕುವುದೇ ನನ್ನ ಅನ್ನ. ನಿವೃತ್ತನಾದ ವಾರವೇ, ಕೊಪ್ಪಳದ ಹತ್ತಿರ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಶಾಲು, ಹಣ್ಣುಗಳ ಜೊತೆಗೆ ಒಂದು ಗಾಲ್ಫ್ ಕೋಲನ್ನೂ ಒಂದು ಚೀಲ ಹಳೇ ಚೆಂಡುಗಳನ್ನೂ ತಂದುಕೊಟ್ಟ. "ಸರ್, ಮನ್ಯಾಗ ಕುಂತ್ರ ಮೊಣಕಾಲು ಹಿಡೀತಾವ. ಇದನ್ನ ಆಡ್ರಿ. ನಿಮಗೇನ್ರಿ, ಒಂದ ತಿಂಗಳದಾಗ ಬರತೈತಿ," ಎಂದ. ನಾನೂ ಹೌದೆಂದು ತಲೆಯಾಡಿಸಿದೆ. ಕಾಲೇಜಿನ ದಿನಗಳಲ್ಲಿ ಚಿನ್ನಿದಾಂಡು ಆಡಿ ಮೂರು ಮನೆಯ ಹೆಂಚು ಒಡೆದವನಿಗೆ ಇದು ಯಾವ ಲೆಕ್ಕ ಎನಿಸಿತ್ತು.

ಅಭ್ಯಾಸಕ್ಕೆ ನಮ್ಮ ಶಾಲೆಯ ಹಿಂದಿನ ಬಯಲೇ ಇತ್ತು. ಮೊದಲ ದಿನ ಬೀಸಿದ ಕೋಲು ಚೆಂಡಿಗೆ ತಾಗಲೇ ಇಲ್ಲ. ಎರಡನೆಯ ಸಲ ಚೆಂಡಿಗಿಂತ ಮೊದಲು ನೆಲಕ್ಕೆ ಬಡಿದು ಕರಿಮಣ್ಣು ಬಾಯಿಗೆ ಬಂತು. ಮೂರನೆಯದು ಹಾರಿತು, ಆದರೆ ಅರ್ಧ ದಾರಿಗೆ ಬಲಕ್ಕೆ ಹೊರಳಿ ಜಾಲಿ ಕಂಟಿಯೊಳಗೆ ಬಿತ್ತು. ಮುಂದೆ ತಿಂಗಳುಗಟ್ಟಲೆ ಎಲ್ಲ ಚೆಂಡುಗಳೂ ಆ ಜಾಲಿ ಕಂಟಿಯನ್ನೇ ತವರುಮನೆ ಮಾಡಿಕೊಂಡವು.

ಮೊಬೈಲಿನಲ್ಲಿ ಕಲಿಸುವ ಗುರುಗಳಿಗೆ ಬರವಿಲ್ಲ. ಎಡಗೈ ನೆಟ್ಟಗಿರಲಿ ಎಂದು ಒಬ್ಬ ಹೇಳಿದ. ನೆಟ್ಟಗಿಡಲು ಹೋಗಿಯೇ ನೀವೆಲ್ಲ ಕೆಡುತ್ತೀರಿ ಎಂದು ಇನ್ನೊಬ್ಬ ಬೈದ. ಎರಡೂ ಬಗಲಲ್ಲಿ ಟವೆಲ್ ಸಿಕ್ಕಿಸಿಕೊಂಡು, ಅದು ಬೀಳದಂತೆ ಬೀಸಿದೆ. ಎರಡೂ ಪಾದ ಜೋಡಿಸಿ ನಿಂತು ಬೀಸಿದೆ, ಬಿದ್ದೆ. ಗೋಡೆಗೆ ಹಣೆ ಹಚ್ಚಿ, ಹಣೆ ಅಲುಗದಂತೆ ಸೊಂಟ ತಿರುಗಿಸುವ ಅಭ್ಯಾಸ ಮಾಡುತ್ತಿದ್ದಾಗ ಹಾಲಿನವನು ನೋಡಿ, ನನಗೆ ಏನೋ ದುಃಖವಾಗಿದೆ ಎಂದು ತಿಳಿದು ಹಾಲಿಟ್ಟು ಮೆಲ್ಲಗೆ ಹೋದ. ಒಂದು ತಪ್ಪು ತಿದ್ದಿದರೆ ಎರಡು ಹುಟ್ಟುತ್ತಿದ್ದವು. ಗುರುಗಳೆಲ್ಲರೂ ಒಪ್ಪಿದ್ದು ಒಂದೇ ಮಾತು: ಚೆಂಡು ಎಲ್ಲಿ ಹೋಯಿತೆಂದು ನೋಡುವ ಆಸೆಗೆ ತಲೆ ಎತ್ತಬಾರದು. ಕಣ್ಣು ನೆಲದ ಮೇಲೇ ಇರಬೇಕು.

"ನೆಲ ಭಾಳ ತಗ್ಗುದಿನ್ನಿ ಐತಿ," ಎಂದು ಒಂದು ದಿನ ಹೆಂಡತಿಯ ಮುಂದೆ ಗೊಣಗಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಕುಣೀಲಿಕ್ಕೆ ಬರದಾಕಿನೂ ಹಂಗ ಅಂದಿದ್ಲಂತ," ಎಂದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಬಿಸಿ ರೊಟ್ಟಿಯ ಮುಂದೆ ಕುಳಿತಾಗ ಅದನ್ನು ನುಂಗಬೇಕಾಗುತ್ತದೆ.

ಕಡೆಗೆ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ತಪ್ಪುಗಳನ್ನು ಬರೆದಿಡುವುದು. ಟ್ರಂಕಿನಲ್ಲಿ ಅರ್ಧ ಖಾಲಿ ಇದ್ದ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಅದರ ಮುಂದಿನ ಅರ್ಧದಲ್ಲಿ ಏನಿದೆಯೆಂದು ಗೊತ್ತಿತ್ತು, ತೆರೆಯಲಿಲ್ಲ. ತಿರುವಿ ಹಿಡಿದು ಹಿಂದಿನಿಂದ ಬರೆಯತೊಡಗಿದೆ. 'ತಲೆ ಏಳುತ್ತದೆ. ಮೊಣಕೈ ಮಡಚುತ್ತದೆ. ಹಿಮ್ಮಡಿ ಮೊದಲೇ ತಿರುಗುತ್ತದೆ.'

ಮುಂದಿನ ಅರ್ಧ ನನ್ನ ಮಗಳದು.

ಅವಳು ಎಂಟನೇ ಇಯತ್ತೆಯಲ್ಲಿದ್ದಾಗ ಬಯಲಲ್ಲಿ ಬಿದ್ದಿದ್ದ ಡಿಸ್ಕಸ್ ಚಕ್ರವನ್ನು ಎತ್ತಿ, ಯಾರೂ ಹೇಳಿಕೊಡದೆ, ಆಟದಂತೆ ಒಗೆದಿದ್ದಳು. ಅದು ಗಾಳಿಯಲ್ಲಿ ಮಲಗಿಕೊಂಡು ಹೋದದ್ದನ್ನು ನೋಡಿ ನಾನು ಸೀಟಿ ಊದುವುದನ್ನೇ ಮರೆತೆ. ಮರುದಿನದಿಂದ ತಾಲೀಮು ಶುರು ಮಾಡಿದೆ. ಬಯಲಲ್ಲಿ ನನ್ನನ್ನು ಅಪ್ಪ ಎನ್ನಬಾರದು, ಉಳಿದ ಮಕ್ಕಳಂತೆ ಸರ್ ಎನ್ನಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಚಕ್ರವಿಲ್ಲದೆ ನೂರು ಸಲ ತಿರುಗು, ಚಪ್ಪಲಿ ಹಿಡಿದು ಐವತ್ತು ಸಲ ತಿರುಗು. ನಾನು ಪಕ್ಕದಲ್ಲಿ ನಿಂತು ಅವಳ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದೆ. ಬಯಲಿನ ಆ ತುದಿಗೆ ಒಂದು ಬೇವಿನ ಗಿಡವಿತ್ತು, ಈಗಲೂ ಇದೆ. ಅದನ್ನು ದಾಟಿಸಿದವರು ಜಿಲ್ಲೆಗೆ ಹೋಗುತ್ತಾರೆ ಎಂಬುದು ನಾನೇ ಮಾಡಿದ ಕಾನೂನು. ಅವಳು ತಾಲೂಕಿನಲ್ಲಿ ಒಮ್ಮೆ ಮೂರನೆಯವಳಾದಳು, ಒಮ್ಮೆ ಎರಡನೆಯವಳು. ಗಿಡ ಮಾತ್ರ ದಾಟಲಿಲ್ಲ. ಪಿಯುಸಿ ಮೊದಲ ವರ್ಷದ ಒಂದು ಸಂಜೆ ಚಕ್ರವನ್ನು ಒರೆಸಿ, ಅಟ್ಟದ ಮೇಲಿಟ್ಟು, "ಇನ್ನ ನಾ ಒಗಿಯಂಗಿಲ್ಲ," ಎಂದಳು. ಯಾಕೆಂದು ಕೇಳಿದೆ, ಒಳಗೆ ಹೋಗಿ ಪುಸ್ತಕ ಹಿಡಿದು ಕುಳಿತಳು. ಛಲವಿಲ್ಲದ ಹುಡುಗಿ ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿದೆ.

ಹತ್ತು ವರ್ಷವಾಯಿತು. ಈಗ ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರವಿವಾರ ರಜೆ ಸಿಕ್ಕರೆ ತಾವರಗೇರಿ ಮೇಲಿನ ಬಸ್ಸು ಹಿಡಿದು ಬರುತ್ತಾಳೆ, ತಾಯಿಯ ಜೊತೆ ನಗುತ್ತಾಳೆ, ನನ್ನ ಜೊತೆ ಬಿಪಿ ಮಾತ್ರೆಯ ಮಾತಾಡುತ್ತಾಳೆ. ಆ ಚಕ್ರದ ವಿಷಯ ಇಬ್ಬರೂ ಎತ್ತುವುದಿಲ್ಲ. ಅವಳು ಯಾಕೆ ಬಿಟ್ಟಳು ಎಂಬುದು ಮಾತ್ರ ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿಯೇ ಉಳಿದಿತ್ತು.

ಒಂದು ರವಿವಾರ ಅವಳು ಚಹಾದ ಥರ್ಮಾಸ್ ಹಿಡಿದು ಬಯಲಿಗೇ ಬಂದಳು. ನಾನು ಬಗಲ ಟವೆಲ್ ಸರಿಮಾಡಿಕೊಂಡು, ತಲೆ ತಗ್ಗಿಸಿ, ಉಸಿರು ಹಿಡಿದು ಬೀಸಿದೆ. ಕೋಲಿಗೆ ಚೆಂಡು ತಾಗಿದ್ದು ಕೈಗೇ ಗೊತ್ತಾಗಲಿಲ್ಲ, ಬೆಣ್ಣೆ ಕೊಯ್ದಷ್ಟು ಹಗುರ. ಇಂಥದ್ದು ಇಷ್ಟು ತಿಂಗಳಲ್ಲಿ ಆಗಿರಲಿಲ್ಲ. ನಿಯಮದಂತೆ ಕಣ್ಣು ನೆಲದಲ್ಲೇ ಇತ್ತು. ತಲೆ ಎತ್ತುವಷ್ಟರಲ್ಲಿ ಚೆಂಡು ಕಾಣಲಿಲ್ಲ.

"ಎಲ್ಲಿ ಹೋತವ್ವಾ? ಎಷ್ಟು ದೂರ ಹೋತು?" ಎಂದೆ. ನನ್ನ ದನಿ ನನಗೇ ಸಣ್ಣ ಹುಡುಗನದಂತೆ ಕೇಳಿಸಿತು.

ಅವಳು ಚಹಾ ಬಗ್ಗಿಸುತ್ತ, "ಅದನ್ನ ಬಿಡ್ರಿ ಸರ್, ಕಾಲು ನೋಡ್ರಿ," ಎಂದಳು.

ಮುಖದಲ್ಲಿ ನಗುವಿತ್ತು. ಹಾಗಾದರೆ ಚೇಷ್ಟೆ. ಆದರೆ ಆ 'ಸರ್' ಎಲ್ಲಿಂದ ಬಂತು? ಮತ್ತು ಅಷ್ಟು ಸಣ್ಣ ಮಾತಿಗೆ ನನಗೇಕೆ ಅಷ್ಟು ಸಿಟ್ಟು ಬಂತು? ಚಹಾ ಬೇಡವೆಂದೆ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು, ಚೆಂಡು ಎಲ್ಲಿ ಬಿತ್ತೆಂದು ಹೇಳದೆಯೇ ಮನೆಗೆ ಹೋದಳು. ಒಂದು ತಾಸು ಹುಡುಕಿದರೂ ಆ ಚೆಂಡು ಸಿಗಲಿಲ್ಲ.

ಆ ವಾರ ನನ್ನ ಮೈ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಕೋಲು ಎತ್ತಿದರೆ ಯಾವ ತಪ್ಪನ್ನು ಮೊದಲು ತಪ್ಪಿಸಬೇಕೆಂದು ತೋಚದೆ ಕೈ ಮೇಲೆಯೇ ನಿಲ್ಲುತ್ತಿತ್ತು. ತಲೆಯೋ, ಮೊಣಕೈಯೋ, ಹಿಮ್ಮಡಿಯೋ? ಬಚ್ಚಲಿನಲ್ಲಿ ತಂಬಿಗೆ ಎತ್ತುವಾಗಲೂ ಮೊಣಕೈ ನೆನಪಾಗಿ ನೀರು ಕಿವಿಗೆ ಹೋಯಿತು. ಆರು ತಿಂಗಳ ಹಿಂದೆ ಏನೂ ಗೊತ್ತಿಲ್ಲದೆ ಬೀಸುತ್ತಿದ್ದೆನಲ್ಲ, ಅದಾದರೂ ಒಂದು ಬೀಸು. ಈಗ ಅದೂ ಹೋಗಿತ್ತು. ಎಷ್ಟು ತಿದ್ದಿಕೊಂಡೆನೋ ಅಷ್ಟು ಕೆಟ್ಟಿದ್ದೆ. ಹಾಗಾಗುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಹಿಂದೆ ಬರೆದದ್ದನ್ನು ನೋಡೋಣವೆಂದು ನೋಟ್‌ಬುಕ್ ತೆಗೆದೆ. ಕೈತಪ್ಪಿ ಮುಂದಿನ ಪುಟ ತೆರೆಯಿತೋ, ನಾನೇ ತೆರೆದೆನೋ, ಈಗಲೂ ಹೇಳಲಾರೆ. 'ತಲೆ ಏಳುತ್ತದೆ. ಮೊಣಕೈ ಮಡಚುತ್ತದೆ. ಹಿಮ್ಮಡಿ ಮೊದಲೇ ತಿರುಗುತ್ತದೆ.' ಒಂದು ಕ್ಷಣ ಇದು ನನ್ನ ತಪ್ಪೋ ಅವಳದೋ ತಿಳಿಯಲಿಲ್ಲ. ಅಕ್ಷರ ಅದೇ, ಮಾತೂ ಅದೇ. ಪುಟ ಮಗುಚುತ್ತ ಹೋದೆ. ಮೂರೂವರೆ ವರ್ಷದ ತಪ್ಪುಗಳಿದ್ದವು, ಮಳೆ ಬಂದ ದಿನದವೂ ಇದ್ದವು. ಚಕ್ರ ಎಷ್ಟು ದೂರ ಹೋಯಿತೆಂದು ಒಂದು ಕಡೆಯೂ ಬರೆದಿರಲಿಲ್ಲ. ಛಲೋ ಒಗೆದಳು ಎಂಬ ಸಾಲೂ ಇರಲಿಲ್ಲ.

ಬರೆದಿಲ್ಲವಾದರೇನು, ನೆನಪಾದರೂ ಇರಬೇಕಲ್ಲ ಎಂದು ಕಣ್ಣು ಮುಚ್ಚಿ ಕುಳಿತೆ. ಅವಳ ಪಾದ ನೆನಪಾಯಿತು, ಎಡಗಾಲ ಬೂಟಿನ ಹರಿದ ತುದಿ, ಮೊಣಕೈಯ ತರಚು ಗಾಯ. ಚಕ್ರ ಕಾಣಲಿಲ್ಲ. ಮೊದಲ ದಿನದ ಆ ಒಂದು ಎಸೆತದ ನಂತರ ಅವಳ ಚಕ್ರ ನೆಲಕ್ಕೆ ಬಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನೆನೆದಂತೆಲ್ಲ ನಾಚಿಕೆಯಾಯಿತು.

ಮುಂದಿನ ರವಿವಾರ ಕೋಲು ಮನೆಯಲ್ಲೇ ಬಿಟ್ಟು ಅವಳನ್ನು ಬಯಲಿಗೆ ಕರೆದೊಯ್ದೆ. ಎಸೆತದ ವೃತ್ತದ ಅಂಚು ಅಲ್ಲಲ್ಲಿ ಒಡೆದಿತ್ತು. ಅದರ ಪಕ್ಕ ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಕೇಳಿದೆ. "ನೀ ಎಲ್ಲಕ್ಕಿಂತ ದೂರ ಒಗದದ್ದು ಎಷ್ಟವ್ವಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬೇವಿನ ಗಿಡ ದಾಟಿತ್ತಪಾ, ಒಂದಿನ."

"ಯಾವಾಗ?"

"ಬಿಟ್ಟೆನಲ್ಲ, ಅದ ದಿನ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದೆ. ಎಷ್ಟು ದೂರ ಹೋತು ನೋಡ್ರಿ ಸರ್ ಅಂತ ಒದರಿದೆ. ನೀ ತಲಿ ತಗ್ಗಿಸಿ ಬರಕೋತ ನಿಂತಿದ್ದಿ. ಅದನ್ನ ಬಿಡು, ಕಾಲು ನೋಡು ಅಂದಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ರೋಗಿಯ ಜ್ವರ ಎಷ್ಟೆಂದು ಹೇಳುವ ದನಿಯಲ್ಲೇ ಹೇಳಿದಳು. ತಪ್ಪಾಯಿತು ಎನ್ನಬೇಕಿತ್ತು, ಮೂವತ್ತು ವರ್ಷ ಆ ಮಾತನ್ನು ಬೇರೆಯವರ ಬಾಯಿಂದಲೇ ಕೇಳಿದ್ದವನಿಗೆ ಅದು ನಾಲಿಗೆಗೆ ಬರಲಿಲ್ಲ.

ಗಿಡದ ಕಡೆ ನಡೆದೆ. ಅದನ್ನು ದಾಟಿ, "ಇಲ್ಲೇನು?" ಎಂದು ಕೂಗಿದೆ. ಅವಳು ಇನ್ನೂ ಮುಂದೆ ಎಂದು ಕೈ ಮಾಡಿದಳು. ನಾಲ್ಕು ಹೆಜ್ಜೆ ಹೋದೆ. ಇನ್ನೂ ಮುಂದೆ ಎಂದಳು. ಒಂದು ಕಲ್ಲಿನ ಹತ್ತಿರ ಬಂದಾಗ ಕೈ ಇಳಿಸಿದಳು. ಅಲ್ಲಿ ಏನೂ ಇರಲಿಲ್ಲ, ಒಣಹುಲ್ಲು, ಆಡಿನ ಹಿಕ್ಕೆ. ಆ ಸಂಜೆ ಇಷ್ಟು ದೂರ ಅವಳು ಒಬ್ಬಳೇ ನಡೆದುಬಂದು, ಬಗ್ಗಿ ಚಕ್ರ ಎತ್ತಿಕೊಂಡು, ಒಬ್ಬಳೇ ತಿರುಗಿ ಹೋಗಿರಬೇಕು.

ನಾನೂ ತಿರುಗಿ ನೋಡಿದೆ. ನಾನು ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವಳು ನಿಂತಿದ್ದಳು. ಬಿಸಿಲಿಗೆ ಕೈ ಅಡ್ಡ ಹಿಡಿದು, ತಲೆ ಎತ್ತಿ, ನಾನಿದ್ದ ಕಡೆಗೇ ನೋಡುತ್ತಿದ್ದಳು.