ಡಬ್ಬಿಯಲ್ಲಿ ತಲೆ ಸಿಕ್ಕ ನಾಯಿ

ದೇವದುರ್ಗದ ಹೊರಗೆ, ಗಬ್ಬೂರಿನ ದಾರಿಗೆ ಹತ್ತಿದ ಕಲ್ಲುಗುಡ್ಡದ ಬುಡದಲ್ಲಿ ನಾನು ನಡೆಸುವ ಬೀದಿನಾಯಿಗಳ ಆಸರೆಮನೆ ಇದೆ. ತಗಡಿನ ಸೂರು, ಜಾಲಿಯ ಗೇಟು, ಒಳಗೆ ಕುಂಟರು, ಕುರುಡರು, ಕಜ್ಜಿಯವರು. ಊರವರು ನನ್ನನ್ನು ನಾಯಿ ಟೀಚರು ಅನ್ನುತ್ತಾರೆ. ಶಾಲೆಯಲ್ಲಿ ಕಲಿಸುತ್ತಿದ್ದಾಗ ಇಷ್ಟು ಹೆಸರು ಬಂದಿರಲಿಲ್ಲ. ಮಡಿ ಬಿಡದ ನಮ್ಮ ಅತ್ತೆ ಗೇಟಿನ ಹೊರಗಿನ ಬೇವಿನ ಕೆಳಗೆ ಕುಳಿತು, ಒಳಗೆ ನಾನು ಮಾಡುವುದನ್ನೆಲ್ಲ ತಿದ್ದುತ್ತಿರುತ್ತಾರೆ.

ಹೋದ ಬೇಸಿಗೆಯಲ್ಲಿ ಒಂದು ಕಂದು ನಾಯಿ, ಯಾವುದೋ ಚಹಾದಂಗಡಿಯ ಪ್ಲಾಸ್ಟಿಕ್ ಬಿಸ್ಕತ್ತಿನ ಡಬ್ಬಿಯಲ್ಲಿ ತಲೆ ತುರುಕಿ, ತೆಗೆಯಲಾಗದೆ ಗುಡ್ಡ ಹತ್ತಿತು. ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ನೀರಿಲ್ಲದೆ ಎಷ್ಟು ಹೊತ್ತು ಬದುಕೀತು? ಗಾಯಗೊಂಡ ನಾಯಿಗಳನ್ನು ತನ್ನ ಆಟೋದಲ್ಲಿ ತಂದುಕೊಡುವ ನೆರೆಮನೆಯವನೂ ನಾನೂ ಬಲೆ ಹಿಡಿದು ಏರಿದೆವು. ರಾಯಚೂರಿನಿಂದ ತರಿಸಿದ ಹೊಸ ಬಲೆ, ನನಗೆ ಅದರ ಮೇಲೆ ಬಹಳ ಜಂಬ. ಬೀಸಿದಾಗಲೆಲ್ಲ ಅದು ನಾಯಿಯನ್ನು ಬಿಟ್ಟು ಬಂಡೆಗಳನ್ನೇ ಹಿಡಿಯಿತು. ನಮ್ಮ ಹೆಜ್ಜೆ ಸಪ್ಪಳಕ್ಕೆ ನಾಯಿ ಇನ್ನೂ ಮೇಲೆ ಓಡಿ, ಕೊನೆಗೆ ತೂರಾಡತೊಡಗಿತು.

“ಇದು ಉಳಿಯಂಗಿಲ್ರಿ ಅಕ್ಕಾರ. ನಾವು ಬೆನ್ನ ಹತ್ತಿದಷ್ಟೂ ಸಾಯಾಕತ್ತದ,” ಅಂದ ಆಟೋದವನು.

ನನಗೆ ಸಿಟ್ಟು ನೆತ್ತಿಗೇರಿತು. ಅವನು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ. ಬಲೆಯನ್ನು ಅಲ್ಲೇ ಬಿಸಾಕಿದೆ. ಆಗ ಹೊಳೆಯಿತು: ಡಬ್ಬಿಯೊಳಗಿದ್ದೂ ನಮ್ಮ ಹೆಜ್ಜೆ ಕೇಳಿಸಿಕೊಳ್ಳುವ ನಾಯಿಗೆ ನೀರಿನ ಸಪ್ಪಳ ಕೇಳದೇ?

ಕೆಳಗಿಳಿದು ಒಂದು ತುಂಬಿದ ಕೊಡ, ಒಂದು ಖಾಲಿ ಕೊಡ, ಕತ್ತರಿ ತೆಗೆದುಕೊಂಡೆ. ಅತ್ತೆಯನ್ನು ಎಬ್ಬಿಸಿ, ಅವರು ಹಾಸಿಕೊಂಡಿದ್ದ, ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನೂ ಎಳೆದುಕೊಂಡೆ.

“ಅಯ್ಯ, ಅದರಾಗ ನನ್ನ ಮದುವಿ ಸೀರಿ ಅದ! ನಾಯಿಗೆ ಹೊಚ್ಚತೀ ಏನು?”

“ಹೂಂ ರೀ, ಹೊಚ್ಚತೀನಿ.”

ಅತ್ತೆ ಒಂದು ಗಳಿಗೆ ಗುಡ್ಡ ನೋಡಿದರು. “ಹಂಗಾದ್ರ ನಿಂತೇನ ಮಾಡ್ತೀ? ಲಗೂನ ಹೋಗು!”

ಮತ್ತೆ ಗುಡ್ಡ ಹತ್ತಿ, ಬಂಡೆಯ ನೆರಳಲ್ಲಿ ಕುಳಿತು ಒಂದು ಕೊಡದಿಂದ ಇನ್ನೊಂದಕ್ಕೆ ನೀರು ಸುರಿದೆ. ತಿರುಗಿ ಸುರಿದೆ. ತೋಳು ಸೋತವು. ಆಟೋದವನಿಗೆ ಉಸಿರೆತ್ತಬೇಡ ಎಂದಿದ್ದೆ. ಹೆಜ್ಜೆಗೊಮ್ಮೆ ನಿಲ್ಲುತ್ತ ನಾಯಿ ಬಂತು. ಡಬ್ಬಿ ಕೊಡಕ್ಕೆ ಟಕ್ಕೆಂದು ಬಡಿಯಿತು. ನೀರು ಅಲ್ಲೇ ಇದೆ, ಬಾಯಿಗೆ ಸಿಗದು. ಮತ್ತೆ ಮತ್ತೆ ಬಡಿಯಿತು. ನನಗೆ ಅಳು ಬಂತು. ಅಳುತ್ತಲೇ ಕೌದಿ ಹಾಕಿ ಅದರ ಮೇಲೆ ಬಿದ್ದೆ. ಭಾರದ ಕೌದಿ, ಜಾರಲಿಲ್ಲ. ಆಟೋದವನು ಡಬ್ಬಿಯ ಅಂಚು ಕತ್ತರಿಸಿ ಎಳೆದ.

ತಲೆ ಹೊರಗೆ ಬಂತು! ಬಂದದ್ದೇ ತಡ, ಆ ಪೆದ್ದು ಮತ್ತೆ ಕೊಡದೊಳಗೆ ತಲೆ ತುರುಕಲು ಹೋಯಿತು. ಬೈದು, ಬೊಗಸೆಯಲ್ಲಿ ನೀರು ಹಿಡಿದೆ. ಕುಡಿಯಿತು, ಕುಡಿಯಿತು. ಕೆಳಗೆ ನೋಡಿದರೆ, ನಮ್ಮ ನಾಯಿಗಳ ಬೊಗಳಾಟಕ್ಕೆ ನಿದ್ದೆಯಿಲ್ಲ ಎಂದು ಜಗಳಕ್ಕೆ ಬರುತ್ತಿದ್ದವರೇ ಸೇರಿ ಶಿಳ್ಳೆ ಹೊಡೆಯುತ್ತಿದ್ದರು.

ಹೊಟ್ಟೆ ತುಂಬಿದ ಮೇಲೆ ನಾಯಿ ಮುಖವೆತ್ತಿ ನನ್ನನ್ನು ನೋಡಿತು. ಕುಡಿಸಿದ ಕೈಯನ್ನೇ ಕಚಕ್ಕನೆ ಕಚ್ಚಿ ಓಡಿತು. ಓಟವೆಂದರೆ ಓಟ, ಸಾಯುವ ನಾಯಿಯ ಓಟವಲ್ಲ! ರಕ್ತ ಸೋರುವ ಕೈಯನ್ನು ಮೇಲೆತ್ತಿಕೊಂಡು, “ಕಚ್ಚಿತು ನೋಡ್ರಿ, ಕಚ್ಚಿತು!” ಎಂದು ಕೂಗುತ್ತ, ಕುಣಿಯುತ್ತ ನಾನು ಗುಡ್ಡ ಇಳಿದೆ.